ದೊಡ್ಡಮ್ಮನ ಮನೆಗೆ ಹೋದ ತಂತಿ

ನಮ್ಮ ಕಂಪ್ಯೂಟರಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಬೇಕೆಂದು ನಾನು ಹೊರಟದ್ದರ ಹಿಂದೆ ಯಾವ ಆದರ್ಶವೂ ಇರಲಿಲ್ಲ. ಅಶೋಕ್ ಮಾವನ ಲಾಡ್ಜು ಇತ್ತು.

ಅಶೋಕ್ ಮಾವ ಅಮ್ಮನ ತಮ್ಮ. ಕೊಲ್ಲೂರಿನಲ್ಲಿ ಅವನ ಲಾಡ್ಜಿದೆ. ನಾನು ಬಿ.ಎ. ಮುಗಿಸಿ ಕೋಟದ ಮನೆಯಲ್ಲಿ ಕೂತು ಒಂದು ವರ್ಷ ತುಂಬುವ ಮೊದಲೇ ಅವನು ಆ ಲಾಡ್ಜಿನ ಕೌಂಟರಿನಲ್ಲಿ ನನಗೆಂದು ಒಂದು ಕುರ್ಚಿ ಹಾಕಿಸಿಟ್ಟಿದ್ದ. ಅವನ ಲೆಕ್ಕದಲ್ಲಿ ನನ್ನ ನಾಚಿಕೆ ಒಂದು ಕಾಯಿಲೆ. ದಿನವಿಡೀ ಯಾತ್ರಿಕರ ಜೊತೆ ಮಾತಾಡುವುದೇ ಅದಕ್ಕೆ ಮದ್ದು. ನಾನೋ, ಬಸ್ಸಿನಲ್ಲಿ 'ಇಳಿಯಲಿಕ್ಕಿದೆ' ಎಂದು ಕಂಡಕ್ಟರಿಗೆ ಕೇಳಿಸುವಷ್ಟು ಜೋರಾಗಿ ಹೇಳಲಾಗದೆ, ಕೋಟದಲ್ಲಿ ಇಳಿಯಬೇಕಾದವಳು ಸಾಲಿಗ್ರಾಮದಲ್ಲಿ ಇಳಿದು ನಡೆದು ಬಂದವಳು.

ಅದು 2009ನೇ ಇಸವಿ. ಬೆಂಗಳೂರಿನ ಒಂದು ಸಣ್ಣ ಸಂಸ್ಥೆ ಲಿನಕ್ಸಿನ ಮೆನುಗಳನ್ನು ಕನ್ನಡಕ್ಕೆ ತರುವವರು ಬೇಕೆಂದು ಜಾಲದಲ್ಲಿ ಪ್ರಕಟಿಸಿತ್ತು. ಮನೆಯಲ್ಲೇ ಕೂತು ಮಾಡುವ ಕೆಲಸ. ಯಾರ ಮುಖವನ್ನೂ ನೋಡಬೇಕಿಲ್ಲ, ಯಾರಿಗೂ ನಮಸ್ಕಾರ ಹೇಳಬೇಕಿಲ್ಲ. ಆ ಪ್ರಕಟಣೆಯನ್ನು ಓದುವಾಗ ನನಗೆ ನನ್ನ ಜಾತಕವನ್ನೇ ಓದಿದ ಹಾಗಾಯಿತು. ಶನಿವಾರ ಸಂಜೆ ನಾಲ್ಕರಿಂದ ಐದರವರೆಗೆ ಇಂಟರ್‌ನೆಟ್ಟಿನಲ್ಲೇ ಪರೀಕ್ಷೆ. ಲಿನಕ್ಸ್ ಇರುವ ಕಂಪ್ಯೂಟರಿನಿಂದಲೇ ಬರೆಯಬೇಕು. ನಡುವೆ ಸಂಪರ್ಕ ಕಡಿದರೆ ಪರೀಕ್ಷೆ ಅಲ್ಲಿಗೇ ಮುಗಿದಂತೆ, ಮತ್ತೆ ಅವಕಾಶ ಇಲ್ಲ.

ಮಾವನಿಗೆ ಹೇಳಿದಾಗ ಅವನು ಸಿಟ್ಟಾಗಲಿಲ್ಲ. "ಅದ್ ಸಿಕ್ಕಿರೆ ಸೈ. ಸಿಕ್ಕದಿರೆ ಕೊಲ್ಲೂರ್ ಬಸ್ ಹತ್ತುದೇ. ಕೂಕಂಡ್ ಕೂಕಂಡ್ ನೀ ಗ್ವಾಡಿ ಪಲ್ಲಿ ಆಪುದ್ ಬ್ಯಾಡ" ಎಂದ.

ಲಿನಕ್ಸಿನ ಸಿ.ಡಿ. ಅಂಚೆಯಲ್ಲಿ ಉಚಿತವಾಗಿ ಬಂತು. ಉಚಿತ ಎಂದ ಕೂಡಲೇ ಅಮ್ಮನಿಗೆ ಅದರ ಮೇಲಿದ್ದ ಅರ್ಧ ನಂಬಿಕೆ ಹೋಯಿತು. ಉಳಿದರ್ಧ ಹೋದದ್ದು ಅದನ್ನು ಹಾಕಿದ ಮೇಲೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಮೇಲಕ್ಕೆ ಓಡತೊಡಗಿದವು. ಅಮ್ಮ ಸಾರಿನ ಸೌಟು ಹಿಡಿದೇ ಬಂದು ನಿಂತಳು. "ಇದೆಂತ ಹೆಣೆ, ರೇಶನ್ ಅಂಗಡಿ ಪಟ್ಟಿ ಕಂಡಂಗ್ ಇತ್ತಲೆ" ಎಂದಳು. ಪಟ್ಟಿ ಮುಗಿದದ್ದೇ ಪರದೆ ಪೂರ್ತಿ ಕಪ್ಪಾಯಿತು. ಹಾಗೆಯೇ ಉಳಿಯಿತು.

ನಮ್ಮ ಮಾನಿಟರು ಹಳೆಯದು, ಹೊಸ ವ್ಯವಸ್ಥೆ ಕೇಳಿದಷ್ಟು ಚುಕ್ಕಿಗಳನ್ನು ತೋರಿಸುವ ಶಕ್ತಿ ಅದಕ್ಕಿಲ್ಲ ಎಂದು ತಿಳಿಯಲು ಒಂದು ದಿನ ಹೋಯಿತು. ಸಾಲಿಗ್ರಾಮದ ಸೈಬರ್ ಸೆಂಟರಿನಲ್ಲಿ ಕೂತು ಲಿನಕ್ಸ್ ಬಲ್ಲವರ ಚರ್ಚಾಕಟ್ಟೆಯಲ್ಲಿ ಪ್ರಶ್ನೆ ಬರೆದೆ. ಅಲ್ಲಿ ನಾನು ಬೇರೆಯೇ ಹುಡುಗಿ. ಗೊತ್ತಿಲ್ಲದ ಗಂಡಸರಿಗೆಲ್ಲ 'ನೀವು ಹೇಳಿದ್ದು ಸರಿಯಾಗಲಿಲ್ಲ, ಇನ್ನೊಮ್ಮೆ ಯೋಚಿಸಿ' ಎಂದು ಧೈರ್ಯವಾಗಿ ಟೈಪ್ ಮಾಡುತ್ತಿದ್ದೆ. ಅವರು ಹೇಳಿದಂತೆ ಮಾಡಿದಾಗ ಪರದೆ ಬೆಳಗಿತು. ಆಮೇಲೆ ಒಂದು ಮೆಮೊರಿ ಕಡ್ಡಿ ಕಂಪ್ಯೂಟರಿನ ಲೆಕ್ಕದಿಂದಲೇ ಕಾಣೆಯಾಯಿತು. ಕ್ಯಾಬಿನೆಟ್ ತೆರೆದು ನೋಡಿದರೆ ಉಪ್ಪುಗಾಳಿಗೆ ಅದರ ಹಲ್ಲುಗಳು ಮಾಸಿದ್ದವು. ರಬ್ಬರಿನಿಂದ ಉಜ್ಜಿ ಕೂರಿಸಿದೆ, ಬಂತು. ಪರೀಕ್ಷೆಗೆಂದೇ ಹಾಕಿಸಿದ್ದ ಹೊಸ ಮೋಡೆಮ್ಮನ್ನು ಯು.ಎಸ್.ಬಿ. ತಂತಿಯಲ್ಲಿ ಜೋಡಿಸಿದರೆ ಲಿನಕ್ಸು ಅದನ್ನು ಗುರುತೇ ಹಿಡಿಯಲಿಲ್ಲ. ನೆಟ್‌ವರ್ಕ್ ತಂತಿಯಲ್ಲಿ ಜೋಡಿಸಿದಾಗ ಹಳೆಯ ಗೆಳತಿಯನ್ನು ಕಂಡಂತೆ ಹಿಡಿಯಿತು. ಮೋಡೆಮ್ಮಿನ ಮೇಲೆ ಹಸಿರು ದೀಪ ನಿಂತು ಉರಿಯಿತು. ಅದು ನಿಂತು ಉರಿದರೆ ಇಂಟರ್‌ನೆಟ್ ಇದೆ, ಮಿಣುಕಿದರೆ ಇಲ್ಲ. ನಾನು ಒಬ್ಬಳೇ ಕೂತು ನಕ್ಕೆ.

ಸಂಜೆಯಾಗುತ್ತಲೇ ಅದು ಮಿಣುಕಿತು.

ನಾಲ್ಕು ಗಂಟೆಯ ಹೊತ್ತಿಗೆ ಹೋದ ಸಂಪರ್ಕ ಐದು ದಾಟಿದ ಮೇಲೆ ಬಂತು. ಮರುದಿನವೂ ಹಾಗೆಯೇ. ಪರೀಕ್ಷೆ ಇರುವುದೂ ಅದೇ ಹೊತ್ತಿಗೆ. ಲಿನಕ್ಸನ್ನು ಅಳಿಸಿ ಮತ್ತೆ ಹಾಕಿದೆ. ಹಾಕಿ ಮತ್ತೆ ಅಳಿಸಿದೆ. ಚರ್ಚಾಕಟ್ಟೆಯ ಗಂಡಸರು ಡ್ರೈವರ್ ಬದಲಿಸಲು ಹೇಳಿದರು, ಬದಲಿಸಿದೆ. ಫೋನಿನ ಕಚೇರಿಯ ಲೈನ್‌ಮನ್ ಬೆಳಿಗ್ಗೆಯ ಹೊತ್ತಿಗೆ ಬಂದ, ದೀಪ ಉರಿಯುವುದನ್ನು ನೋಡಿದ, ಎಲ್ಲ ಸರಿಯಿದೆ ಎಂದು ಎಳನೀರು ಕುಡಿದು ಹೋದ.

ನಾಲ್ಕರಿಂದ ಐದು ಎಂದರೆ ನಮ್ಮ ಮನೆಯಲ್ಲಿ ಅಮ್ಮ ಬೈಂದೂರಿನ ಕುಸುಮಾವತಿ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುವ ಹೊತ್ತು. ಅಮ್ಮನ ತಂಗಿ ಅವಳು. ಹಾಗಾಗಿ ಅನುಮಾನ ಅಮ್ಮನ ಮೇಲೆ ಹೋಯಿತು. ಮಾತಿನ ತಂತಿಯನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಬೇರೆ ಮಾಡುವ ಸಣ್ಣ ಡಬ್ಬಿ ಗೋಡೆಯಲ್ಲಿತ್ತು, ಅದರ ಪ್ರಕಾರ ಅಮ್ಮ ಎಷ್ಟು ಮಾತಾಡಿದರೂ ತೊಂದರೆಯಾಗಬಾರದು. ಆದರೂ ಎರಡು ದಿನ ಫೋನ್ ಮುಟ್ಟಬೇಡ ಎಂದು ಕೈಮುಗಿದೆ. ಅಮ್ಮ ಮುಖ ಊದಿಸಿಕೊಂಡು ಒಪ್ಪಿದಳು.

ಎರಡು ದಿನ ಅಮ್ಮ ಫೋನ್ ಮುಟ್ಟಲಿಲ್ಲ. ಆ ಎರಡು ದಿನ ಇಂಟರ್‌ನೆಟ್ ಹಿಂದೆಂದೂ ಇಲ್ಲದಷ್ಟು ಸಲ ಹೋಯಿತು. ಮೊದಲು ಒಂದೇ ಗಂಟೆ ಸತ್ತಿರುತ್ತಿದ್ದದ್ದು, ಈಗ ಮೂರು ಗಂಟೆಯಿಂದಲೇ ಗಳಿಗೆಗೊಮ್ಮೆ ಸತ್ತು ಹುಟ್ಟುತ್ತಿತ್ತು.

ಗುರುವಾರ ದೀಪ ಮಿಣುಕಿದ ಕೂಡಲೇ, ದೂರು ಕೊಡಬೇಕೆಂದು ಇದ್ದಬದ್ದ ಧೈರ್ಯ ಸೇರಿಸಿ ರಿಸೀವರ್ ಎತ್ತಿದೆ. ಡಯಲ್ ಟೋನ್ ಇರಲಿಲ್ಲ. ಅದರ ಬದಲು ಒಂದು ಹೇಂಟೆ, ಮೊಟ್ಟೆಯಿಟ್ಟ ಸಂಭ್ರಮದಲ್ಲಿ ಊರಿಗೆಲ್ಲ ಸಾರುತ್ತಿತ್ತು. ಅದೇ ಹೇಂಟೆ ಅದೇ ಸಂಭ್ರಮವನ್ನು ನಮ್ಮ ಕಿಟಕಿಯಿಂದಲೂ ಸಾರುತ್ತಿತ್ತು. ಎಡಗಿವಿಗೆ ಫೋನಿನಿಂದ, ಬಲಗಿವಿಗೆ ಬೇಲಿಯಾಚೆಯಿಂದ. ಅದರ ಜೊತೆಗೇ, ಫೋನಿನಲ್ಲಿ ಮಾತ್ರ, ಯಾರೋ ಎಲೆಯಡಿಕೆ ಜಗಿಯುವ ಸದ್ದು. ನಾನು ಉಸಿರು ಬಿಗಿಹಿಡಿದೆ. ಜಗಿಯುವ ಸದ್ದೂ ನಿಂತಿತು. ಆಮೇಲೆ ಮೆಲ್ಲಗೆ, ತೊಟ್ಟಿಲಿಗೆ ಮಗು ಇಟ್ಟಷ್ಟು ಮೆಲ್ಲಗೆ, ಆಚೆಯ ರಿಸೀವರ್ ಕೆಳಗಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಹಸಿರು ದೀಪ ನಿಂತು ಉರಿಯಿತು.

ಬೇಲಿಯಾಚೆ ಅಮ್ಮಣ್ಣಿ ದೊಡ್ಡಮ್ಮನ ಮನೆ. ಅಮ್ಮನ ಸ್ವಂತ ಅಕ್ಕ. 1997ರಲ್ಲಿ, ಲೈನಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ನಮಗೆ ಫೋನು ಬಂದಾಗ ಅಕ್ಕತಂಗಿಯರು ಅದನ್ನು ಹಂಚಿಕೊಂಡಿದ್ದರು. ನಮ್ಮ ಮಾಡಿನ ಅಂಚಿನಿಂದ ಒಂದು ತಂತಿ ಹಲಸಿನ ಮರಕ್ಕೆ, ಅಲ್ಲಿಂದ ದೊಡ್ಡಮ್ಮನ ಜಗಲಿಗೆ. ಅಲ್ಲಿ ಇನ್ನೊಂದು ಫೋನು. ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಹಳೆಯ ಮನೆ ಕೆಡವಿ ಅಲ್ಲೇ ಹೊಸದು ಕಟ್ಟಿದಾಗಲೂ ತಂತಿಯನ್ನು ಹಾಗೆಯೇ ಮತ್ತೆ ಜೋಡಿಸಿದ್ದರು. ಆಮೇಲೆ ಇಬ್ಬರಿಗೂ ಮಾತು ಬಿಟ್ಟಿತು. ನಮ್ಮ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಅಮ್ಮ ಎಲ್ಲರ ಮನೆಗೆ ಹೋಗಿ, ಒಳಗೆ ಕೂತು, ಬೆಲ್ಲ ನೀರು ಕುಡಿದು ಹೇಳಿಕೆ ಕೊಟ್ಟು ಬಂದಳು. ಪಕ್ಕದಲ್ಲೇ ಇದ್ದ ಅಕ್ಕನಿಗೆ ಮಾತ್ರ ಬಟ್ಟೆ ಒಣಹಾಕುತ್ತ, ಬೇಲಿಯ ಮೇಲಿಂದಲೇ 'ಬುಧವಾರ ಬಾ' ಎಂದುಬಿಟ್ಟಳು. "ಬೇಲಿ ಮೇಲಿಂದ ಕರ್ದ್ರೆ ಕಾಕೆ ಬತ್ತ್, ನಾ ಬತ್ತಿಲ್ಲೆ" ಎಂದ ದೊಡ್ಡಮ್ಮ ಅವತ್ತು ಬರಲಿಲ್ಲ. ಎಂಟು ವರ್ಷವಾದರೂ ಬಂದಿರಲಿಲ್ಲ. ಫೋನಿನ ತಂತಿ ಯಾವುದೋ ಗಾಳಿಮಳೆಗೆ ಹೋಗಿರಬೇಕೆಂದೇ ನಾನು ತಿಳಿದಿದ್ದೆ.

ಈಗ ಗೊತ್ತಾಯಿತು: ತಂತಿ ಸತ್ತಿರಲಿಲ್ಲ, ದೊಡ್ಡಮ್ಮ ದಿನಾ ಸಂಜೆ ತಂಗಿಯರ ಮಾತು ಕೇಳುತ್ತಿದ್ದಳು, ಮಾತಿಲ್ಲದ ಈ ಎರಡು ದಿನ ಗಳಿಗೆಗೊಮ್ಮೆ ಎತ್ತಿ ನೋಡುತ್ತಿದ್ದಳು, ಅವಳು ರಿಸೀವರ್ ಎತ್ತಿದಾಗಲೆಲ್ಲ ನನ್ನ ಇಂಟರ್‌ನೆಟ್ ಸಾಯುತ್ತಿತ್ತು. ಅವಳ ತಂತಿ ಆ ಡಬ್ಬಿಯ ಹೊರಗಿನಿಂದಲೇ ಹೋಗಿತ್ತು. ಪಾಪದ ಲಿನಕ್ಸನ್ನು ನಾನು ವೃಥಾ ಮೂರು ಸಲ ಅಳಿಸಿದ್ದೆ.

ಅಮ್ಮನಿಗೆ ಹೇಳಿದರೆ ಅವಳು ಕತ್ತಿ ತೆಗೆದುಕೊಂಡು ಹಲಸಿನ ಮರಕ್ಕೆ ಹೋಗುತ್ತಾಳೆ, ಜಗಳ ಇನ್ನೊಂದು ತಲೆಮಾರಿಗೆ ನಡೆಯುತ್ತದೆ. ನಾನೇ ಗುಟ್ಟಾಗಿ ಕಡಿಯೋಣವೆಂದರೆ ಏಣಿ ಬೇಕು. ಏಣಿ ಹೊತ್ತ ಹುಡುಗಿಯನ್ನು ಕೇರಿಯವರೆಲ್ಲ ಮಾತಾಡಿಸುತ್ತಾರೆ. ಉಳಿದದ್ದು ಒಂದೇ ದಾರಿ. ದೊಡ್ಡಮ್ಮನ ಹತ್ತಿರ ಹೋಗಿ, ನನ್ನದೇ ಬಾಯಿಂದ ಹೇಳುವುದು. ಆ ರಾತ್ರಿ ಕೊಲ್ಲೂರಿನ ಕೌಂಟರು ಅಷ್ಟೇನೂ ಕೆಟ್ಟದ್ದಲ್ಲ ಎಂದು ಕೂಡ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಬೇಲಿಯ ಕಂಡಿಯಲ್ಲಿ ನುಸುಳಿ ಹೋದೆ. ದೊಡ್ಡಮ್ಮನ ಮನೆ ತುಂಬಿದ ಮನೆ: ಮಗ, ಸೊಸೆ, ಮೊಮ್ಮಕ್ಕಳು, ದನ, ಕೋಳಿ. ಅಂಗಳದಲ್ಲೇ ನಿಂತು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ಒಳ್ಗ್ ಬಾ. ನಿನ್ನಬ್ಬಿ ಹಾಂಗೆ ಹೊರ್ಗ್ ನಿತ್ಕಂಡ್ ಹೇಳುದ್ ಬ್ಯಾಡ."

ಒಳಗೆ ಹೋದೆ. ಕೂತೆ. ಬೆಲ್ಲ ನೀರು ಬಂತು, ಅದರ ಹಿಂದೆ ನೀರುದೋಸೆ ಬಂತು. ತಿನ್ನುತ್ತ ಸುತ್ತ ನೋಡಿದೆ. ಮೂಲೆಯ ಗೂಡಿನಲ್ಲಿ ಹಳೆಯ ಫೋನು, ಅದರ ಮೇಲೆ ಕ್ರೋಶಾ ಹೊದಿಕೆ. ಗಂಟೆ ಬಾರಿಸದಂತೆ ಅದರ ಹೊಟ್ಟೆಗೆ ಹತ್ತಿ ತುರುಕಿ ಕಟ್ಟಿದ್ದರು. ಪಕ್ಕದಲ್ಲಿ ಮೆತ್ತೆ ಹಾಕಿದ ಕುರ್ಚಿ, ಕೈಗೆಟಕುವಂತೆ ಎಲೆಪೆಟ್ಟಿಗೆ. ಅವಳು ನನ್ನ ಕಣ್ಣು ಹೋದ ಕಡೆ ನೋಡಿ, ಆ ಫೋನು ಸತ್ತು ಕಾಲವಾಯಿತು, ಚಂದಕ್ಕೆ ಇಟ್ಟದ್ದು ಎಂದಳು. ನಾನು ತಲೆಯಾಡಿಸಿದೆ. ಹೊದಿಕೆಯ ಮೇಲೆ ಒಂದು ಚೂರು ದೂಳಿರಲಿಲ್ಲ.

"ಮತ್ತೆ, ನಾಳಿನ ಪರೀಕ್ಷಿಗ್ ಓದಿ ಆಯ್ತಾ?" ಎಂದಳು.

ಪರೀಕ್ಷೆಯ ವಿಷಯ ನಾನು ಹೇಳಿದ್ದು ಅಮ್ಮನಿಗೆ ಮತ್ತು ಮಾವನಿಗೆ ಮಾತ್ರ. ಅಮ್ಮ ಹೇಳಿದ್ದು ಕುಸುಮಾವತಿ ಚಿಕ್ಕಮ್ಮನಿಗೆ ಮಾತ್ರ, ಫೋನಿನಲ್ಲಿ. ನಾನು ದೋಸೆ ನೋಡಿದೆ. ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೂ ಹೊಳೆದಿರಬೇಕು, ಎಲೆಪೆಟ್ಟಿಗೆಯೊಳಗೆ ಬಹಳ ಹೊತ್ತು ಸುಣ್ಣ ಹುಡುಕಿದಳು. ನಾಚಿಕೆಯ ಮನುಷ್ಯರಿಗೆ ಒಂದು ಅನುಕೂಲ ಇದೆ: ಇನ್ನೊಬ್ಬರು ನಾಚಿದಾಗ ಏನು ಮಾಡಬಾರದು ಎಂದು ನಮಗೆ ಚೆನ್ನಾಗಿ ಗೊತ್ತು.

"ದೊಡ್ಡಮ್ಮ," ಎಂದೆ, "ನಾಳೆ ನಾಲ್ಕ್ ಗಂಟಿಯಿಂದ ಐದ್ ಗಂಟಿ ತನ್ಕ ಆ ರಿಸೀವರ್ ಗಾಳಿಗೆ ಮೇಲ್ ಏಳದ್ದಂಗೆ ಕಾಣ್ಕ್. ಎದ್ರೆ ನನ್ ಪರೀಕ್ಷಿ ಹೋತ್ತ್. ಪರೀಕ್ಷಿ ಹೋರೆ ನಾನ್ ಕೊಲ್ಲೂರಿಗ್ ಹೋಯ್ಕ್."

ಅವಳು ಎಲೆ ಮಡಿಸಿ ಬಾಯಿಗಿಟ್ಟು, ನಿಧಾನಕ್ಕೆ ಜಗಿದಳು. ಆ ಸದ್ದು ನನಗೆ ಗುರುತಿತ್ತು.

"ಗಾಳಿಗೆ ನಾ ಹೇಳ್ತೆ," ಎಂದಳು. "ಆರೆ ತಂತಿ ಕಡುಕಾಗ."

ಕಡಿಯುವುದಿಲ್ಲವೆಂದು ನಾನು ಮಾತು ಕೊಟ್ಟೆ. ಮನೆಗೆ ಬಂದು, ಫೋನಿನ ತಪ್ಪಲ್ಲ, ಇನ್ನು ಮಾತಾಡಬಹುದು ಎಂದೆ. ಎರಡು ದಿನದ ಮಾತನ್ನು ಅಮ್ಮ ಅವತ್ತೇ ಸಂಜೆ ಮುಗಿಸಲು ಕೂತಳು. ಹಸಿರು ದೀಪ ಅಷ್ಟು ಹೊತ್ತೂ ಮಿಣುಕಿತು. ದೊಡ್ಡಮ್ಮ ಶುಕ್ರವಾರದ ಮಾತು ಕೊಟ್ಟಿರಲಿಲ್ಲವಲ್ಲ.

ಶನಿವಾರ ಪರೀಕ್ಷೆ ಶುರುವಾಯಿತು. ಕಾಲು ಗಂಟೆ ಚೆನ್ನಾಗಿ ಹೋಯಿತು. ಆಗ ಫೋನು ರಿಂಗಾಯಿತು. ಕುಸುಮಾವತಿ ಚಿಕ್ಕಮ್ಮ ನನಗೆ ಒಳ್ಳೆಯದಾಗಲೆಂದು ಹೇಳಲು ಫೋನ್ ಮಾಡಿದ್ದಳು. ಅಮ್ಮ ಪಿಸುಮಾತಿನಲ್ಲಿ ಶುರುಮಾಡಿದಳು. ಅವಳ ಪಿಸುಮಾತಿಗೆ ಆಯುಸ್ಸು ಕಡಿಮೆ. ನನ್ನ ಒಂದು ಕಣ್ಣು ಪ್ರಶ್ನೆಯ ಮೇಲೆ, ಇನ್ನೊಂದು ದೀಪದ ಮೇಲೆ. ಒಮ್ಮೆ ದೀಪ ಮಾಯವಾಯಿತು. ಮೋಡೆಮ್ಮಿನ ಬಿಸಿಗೆ ಬಂದು ಕೂತಿದ್ದ ಗೋಡೆಯ ಹಲ್ಲಿ ಬಾಲ ಸರಿಸಿತು, ದೀಪ ಮತ್ತೆ ಕಂಡಿತು, ನಿಂತೇ ಉರಿಯುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನೆರಳಾಯಿತು. ಅಮ್ಮಣ್ಣಿ ದೊಡ್ಡಮ್ಮ, ಬಾಯಲ್ಲಿ ಎಲೆ, ಬೇಲಿ ನುಸುಳಿದ ಏದುಸಿರು, ತಲೆಯಲ್ಲಿ ಒಂದು ಒಣಗಿದ ಬಳ್ಳಿ. ಯಾರೂ ಕರೆಯದೆ ಒಳಗೆ ಬಂದು ಫೋನಿನ ಪಕ್ಕದ ಬೆಂಚಿನ ಮೇಲೆ ಕೂತಳು. ಅಮ್ಮ ರಿಸೀವರ್ ಹಿಡಿದು ಕಲ್ಲಾದಳು. ಒಳಗಿಂದ ಚಿಕ್ಕಮ್ಮ ಹಲೋ ಹಲೋ ಎನ್ನುತ್ತಿದ್ದಳು.

"ಎಂತಕ್ ಸುಮ್ನಾದೆ?" ಎಂದಳು ದೊಡ್ಡಮ್ಮ. "ಕುಸುಮನ ಮಂಡಿ ನೋವಿಗ್ ಡಾಕ್ಟ್ರ್ ಎಂತ ಹೇಳ್ರ್ ಕೇಣ್. ನಿನ್ನೆ ಅರ್ಧಕ್ಕೇ ನಿತ್ತಿತ್."

ನಾನು ಪರದೆಯ ಮೇಲೆ ಕಣ್ಣಿಟ್ಟು, ಅಮ್ಮ ಕತ್ತಿ ತರಲು ಏಳುವುದನ್ನೇ ಕಾದೆ. ಆದರೆ ಅಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ.

"ಎಲೆ ಜಗಿತಿದ್ದದ್ ಯಾರಂದೇಳಿ ನಂಗ್ ಗೊತ್ತಾತಿಲ್ಯಾ ಅಕ್ಕ? ನಿಂಗ್ ಕೇಣ್ಲಿ ಅಂದೇಳಿಯೇ ಇಷ್ಟ್ ವರ್ಷ ನಾನ್ ಜೋರಾಗ್ ಮಾತಾಡಿದ್ದ್."

ಅಮ್ಮ ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತು ರಿಸೀವರನ್ನು ಅಕ್ಕನ ಕಿವಿಗೂ ತನ್ನ ಕಿವಿಗೂ ನಡುವೆ ಹಿಡಿದಳು. ಆಮೇಲಿನ ಅರ್ಧ ಗಂಟೆ ನಾನು 'ಕಡತವನ್ನು ಉಳಿಸು', 'ಹಿಂದಿನ ಸ್ಥಿತಿಗೆ ಮರಳು' ಮುಂತಾದವನ್ನು ಬರೆದದ್ದು ಮೂವರು ಅಕ್ಕತಂಗಿಯರ ಎಂಟು ವರ್ಷದ ಬೈಗುಳದ ಸದ್ದಿನಲ್ಲಿ. ಐದು ಗಂಟೆಗೆ ಉತ್ತರಗಳು ತಲುಪಿದವು ಎಂಬ ಸಾಲು ಬಂತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫಲಿತಾಂಶ ಬಂದದ್ದು ಮುಂದಿನ ಗುರುವಾರ ಸಂಜೆ. ಪತ್ರವನ್ನು ಎರಡು ಸಲ ಓದಿದೆ. ಎದೆ ಎಷ್ಟು ತುಂಬಿತೆಂದರೆ, ನಾನು ಕುರ್ಚಿಯಿಂದ ಎದ್ದು, ಕೋಟದ ಬಸ್ ಸ್ಟಾಪಿಗೂ ಕೇಳುವ ಹಾಗೆ, "ಅಮ್ಮ, ನಂಗ್ ಕೆಲ್ಸ ಸಿಕ್ತ್" ಎಂದೆ.

ಬೆಂಚಿನ ಮೇಲೆ ಎರಡು ತಲೆಗಳು ಒಂದೇ ರಿಸೀವರಿಗೆ ಅಂಟಿಕೊಂಡಿದ್ದವು. ದೊಡ್ಡಮ್ಮ ತಿರುಗದೆಯೇ ಕೈಯೆತ್ತಿದಳು.

"ತಡಿ ಹೆಣೆ," ಎಂದಳು, "ಕುಸುಮ ಎಂತದೋ ಹೇಳ್ತಾ ಇದ್ಲ್."