ಬನ್ನಿಕಟ್ಟಿಯ ಮೂತಿಹುಳು

ವಿಠ್ಠಲರಾಯರಿಗೆ ಹುಳುಗಳ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಹುಳುಗಳ ಬಗ್ಗೆ ಬರೆದವರ ಮೇಲೆ. ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಲೇ ಇಪ್ಪತ್ತು ವರ್ಷ ಅವರು ಒಂದು ಜಾತಿಯ ಮೂತಿಹುಳುವಿನ ಬೆನ್ನು ಹತ್ತಿದ್ದರು. ಒಣಗಿದ ಟೊಂಗೆಯ ಬೂಷ್ಟು ತಿಂದು ಬದುಕುವ, ಅಕ್ಕಿಕಾಳಿನಷ್ಟು ದೊಡ್ಡ, ಬೂದಿಬಣ್ಣದ ಹುಳು. ಮೂತಿ ಚಪ್ಪಟೆ, ಮೀಸೆ ನೆಟ್ಟಗೆ. ಮೀಸೆ ನೆಟ್ಟಗಿದೆಯೆಂದು ಒಬ್ಬ ಪಂಡಿತ ಇದನ್ನು ಬೇರೆ ಕುಟುಂಬ ಮಾಡಿದರೆ ಇನ್ನೊಬ್ಬ ಬಂದು ಮತ್ತೆ ಒಟ್ಟಿಗೆ ಸೇರಿಸುತ್ತಿದ್ದ. ಮೂರನೆಯವನು ಇಬ್ಬರಿಗೂ ಬುದ್ಧಿಯಿಲ್ಲವೆಂದು ಜರ್ಮನ್ ಭಾಷೆಯಲ್ಲಿ ನಲವತ್ತು ಪುಟ ಬರೆಯುತ್ತಿದ್ದ. ಆ ನಲವತ್ತು ಪುಟವನ್ನು ಡಿಕ್ಷನರಿ ಹಿಡಿದು ಕೂತು ಓದಿದವರು ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ರಾಯರೊಬ್ಬರೇ ಇರಬೇಕು. ಓದಿ ಓದಿ ಕಣ್ಣು ಮಂದವಾದವು. ಇದೆಲ್ಲ ಯಾಕೆಂದು ಹೆಂಡತಿ ಕೃಷ್ಣಾಬಾಯಿ ಕೇಳುವುದನ್ನೇ ಬಿಟ್ಟಿದ್ದರು.

ಇಷ್ಟೆಲ್ಲ ಮಾಡಿ ದಕ್ಕಿದ್ದು ಒಂದೇ ಹುಳು. 2005ರಲ್ಲಿ ರಾಯರು ಅದನ್ನು ಹೊಸ ಜಾತಿಯೆಂದು ಗುರುತಿಸಿ, ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲು ಸಿಕ್ಕ ಜಾಗ: ಬೀಳಗಿ ತಾಲ್ಲೂಕಿನ ಬನ್ನಿಕಟ್ಟಿ. ಅಷ್ಟೊತ್ತಿಗಾಗಲೇ ಬನ್ನಿಕಟ್ಟಿ ಅಣೆಕಟ್ಟಿನ ಹಿನ್ನೀರಿನ ಕೆಳಗಿತ್ತು.

ಹುಳು ತಂದುಕೊಟ್ಟವಳು ಅದೇ ಊರಿನ ಸೋಮವ್ವ, ಕುರಿ ಕಾಯುವ ಮನೆತನದವಳು. ಮುಳುಗಲಿರುವ ಊರುಗಳ ಮರಗಳನ್ನು ಪಟ್ಟಿ ಮಾಡುತ್ತ ತಿರುಗುವಾಗ ರಾಯರಿಗೆ ಪರಿಚಯವಾಗಿದ್ದಳು. ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಗಳನ್ನು ಅವಳ ಕೈಗಿತ್ತು, ಹುಳು ಹಾಕಿ ಕೊಟ್ಟರೆ ಊರಿನ ಹೆಸರು ಬರೆದು ಚೀಟಿ ಅಂಟಿಸುತ್ತೇನೆ, ಆ ಚೀಟಿ ನೂರು ವರ್ಷ ಇರುತ್ತದೆ ಎಂದು ಜಂಬದಿಂದ ಹೇಳಿದ್ದರು. ಊರು ಬಿಟ್ಟ ಮರುವರ್ಷ ಅವಳು ಒಂದು ಬಾಟಲಿ ತಂದಳು. ನೀರು ಬರುವ ಮುಂಚೆ ಬೀರಪ್ಪನ ಗುಡಿಯ ಹಿಂದಿನ ಬೇವಿನ ಮರದಲ್ಲಿ ಹಿಡಿದದ್ದು, ಗಂಟುಮೂಟೆಯಲ್ಲಿ ಉಳಿದುಬಿಟ್ಟಿತ್ತು ಎಂದಳು. ರಾಯರು ಅವಳ ಬಾಯಿಮಾತಿನ ಮೇಲೆಯೇ ಚೀಟಿ ಬರೆದರು.

ಈಗ 2010. ನಿವೃತ್ತಿಗೆ ಆರು ತಿಂಗಳು. ಈ ಭಾಗದ ಮೂತಿಹುಳುಗಳನ್ನೆಲ್ಲ ಗುರುತಿಸುವ ಒಂದು ಕೈಪಿಡಿ ಬರೆದು ಕೈತೊಳೆದುಕೊಳ್ಳೋಣವೆಂದು ಅವರು ಹಳೆಯ ಬಾಟಲಿಗಳನ್ನು ಹೊರತೆಗೆದರು. ಸೋಮವ್ವನ ಬಾಟಲಿಯ ತಳದಲ್ಲಿ ಉಗುರಿನಷ್ಟು ತೊಗಟೆ ಉಳಿದಿತ್ತು. ಮಸೂರದ ಕೆಳಗಿಟ್ಟು ನೋಡಿದರು. ಬೇವಿನದಲ್ಲ, ನೀಲಗಿರಿಯದು. ಬನ್ನಿಕಟ್ಟಿಯ ಮರಗಳ ಪಟ್ಟಿ ಅವರ ಕೈಬರಹದಲ್ಲೇ ಇತ್ತು. ಅದರಲ್ಲಿ ಒಂದೇ ಒಂದು ನೀಲಗಿರಿಯೂ ಇರಲಿಲ್ಲ. ನೀಲಗಿರಿ ಸಾಲಾಗಿ ನಿಂತದ್ದು ಸೋಮವ್ವ ಈಗಿರುವ ಪುನರ್ವಸತಿ ಕೇಂದ್ರದ ರಸ್ತೆಯ ಬದಿಗೆ.

ಸುಮ್ಮನಿದ್ದುಬಿಡಬಹುದಿತ್ತು. ಇಂಥ ತೊಗಟೆಯ ಚೂರನ್ನು ಯಾವ ಪುಣ್ಯಾತ್ಮ ನೋಡಲು ಬರುತ್ತಾನೆ? ಆದರೆ ಇಷ್ಟರಲ್ಲಿ ಇಬ್ಬರು ವಿದ್ವಾಂಸರು ರಾಯರ ಲೇಖನವನ್ನು ನಂಬಿ, ಈ ಹುಳು ಅಣೆಕಟ್ಟಿನ ನೀರಿನಲ್ಲಿ ನಿರ್ವಂಶವಾಯಿತೆಂದು ಬರೆದುಬಿಟ್ಟಿದ್ದರು. ಸುಳ್ಳಿಗೆ ಮಕ್ಕಳಾಗಿದ್ದವು, ಮೊಮ್ಮಕ್ಕಳಾಗುವುದು ಬಾಕಿಯಿತ್ತು. ರಾಯರು ಬೇಸರದಿಂದಲೇ ಬೀಳಗಿ ಬಸ್ಸು ಹತ್ತಿದರು.

ಆ ಕೇಂದ್ರದಲ್ಲಿ ಮೂರು ಊರಿನವರನ್ನು ಕೂಡಿಸಿದ್ದರು. ರಸ್ತೆಯ ಬೋರ್ಡಿನ ಮೇಲೆ ಇದ್ದದ್ದು ದೊಡ್ಡ ಊರಿನ ಹೆಸರೊಂದೇ. ಸೋಮವ್ವ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟಳು. ಗೋಡೆಯ ಮಾಡದಲ್ಲಿ ಬೀರಪ್ಪನ ಪಟದ ಮಗ್ಗುಲಿಗೆ ರಾಯರ ಲೇಖನದ ಪ್ರತಿ ಇತ್ತು. ಇಂಗ್ಲಿಷಿನ ಆ ಹಾಳೆಯಲ್ಲಿ ಬನ್ನಿಕಟ್ಟಿ ಎಲ್ಲಿದೆಯೆಂದು ಐದು ವರ್ಷದ ಹಿಂದೆ ರಾಯರೇ ಬೆರಳಿಟ್ಟು ತೋರಿಸಿದ್ದರು. ಈಗ ಸರಿಯಾಗಿ ಆ ಹೆಸರಿನ ಮೇಲೆ ಬೀರಪ್ಪನ ಭಂಡಾರದ ಅರಿಶಿನದ ಬೊಟ್ಟಿತ್ತು. ಅದನ್ನು ನೋಡಿ ಅವರಿಗೆ ಎದ್ದು ವಾಪಸ್ ಹೋಗಿಬಿಡೋಣವೆನ್ನಿಸಿತು.

ಹೇಗೋ ಧೈರ್ಯ ಮಾಡಿ ತೊಗಟೆಯ ವಿಷಯ ತೆಗೆದರು. ಸೋಮವ್ವ ಸುತ್ತಿ ಬಳಸಲಿಲ್ಲ.

“ಹೌದ್ರಿ ಮಾಸ್ತರ, ಇಲ್ಲೇ ಬಿದ್ದ ಟೊಂಗ್ಯಾಗ ಹಿಡದಿದ್ನಿ. ಚೀಟಿ ನೂರು ವರ್ಷ ಇರತೈತಿ ಅಂದಿದ್ರಿ ನೀವು. ಬೋರ್ಡಿನ ಮ್ಯಾಲಂತೂ ನಮ್ಮೂರಿಲ್ಲ, ನಿಮ್ಮ ಚೀಟ್ಯಾಗರ ಇರಲಿ ಅಂತ ಹಂಗ ಹೇಳಿದ್ನಿ.”

ರಾಯರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ತಪ್ಪಾಗಿದೆಯೆಂದು ಪತ್ರಿಕೆಗೆ ಬರೆಯಲೇಬೇಕು ಎಂದರು. ಹಾಗಾದರೆ ಹೆಸರು ತೆಗೆಯುತ್ತಾರೇನು ಎಂದು ಅವಳು ಕೇಳಿದಳು. ಸಮಾಧಾನದ ಮಾತೆಂದುಕೊಂಡೇ ರಾಯರು ವಿವರಿಸಿದರು: ತಮ್ಮ ಶಾಸ್ತ್ರದಲ್ಲಿ ಒಮ್ಮೆ ಅಚ್ಚಾದದ್ದನ್ನು ಯಾರೂ ತೆಗೆಯುವಂತಿಲ್ಲ. ತಿದ್ದುಪಡಿಯಲ್ಲಿಯೂ ಬನ್ನಿಕಟ್ಟಿ ಬರುತ್ತದೆ. ಮುಂದೆ ಈ ಹುಳುವಿನ ಪುರಾಣ ಬರೆಯುವವರೆಲ್ಲ ಬನ್ನಿಕಟ್ಟಿಯ ಹೆಸರು ಬರೆದು, ಪಕ್ಕದಲ್ಲಿ ಇದು ತಪ್ಪು ಎಂದು ಸೇರಿಸುತ್ತಾರೆ.

ಸೋಮವ್ವ ಮಾಡದಲ್ಲಿದ್ದ ಹಾಳೆಯ ಕಡೆ ತಿರುಗಿದಳು.

“ತಪ್ಪು ಅಂತ ಇರೂದು ಬ್ಯಾಡ್ರಿ,” ಎಂದಳು. “ಅಳಿಸಿಬಿಡ್ರಿ.”

“ಅಳಸಲಿಕ್ಕೆ ಬರಂಗಿಲ್ಲ, ಸೋಮವ್ವಾ.”

“ಇಡೀ ಊರು ಅಳಸಾಕ ಬಂತು. ಒಂದು ಸಾಲು ಬರೂದಿಲ್ಲೇನ್ರಿ?”

ರಾಯರು ತಣ್ಣಗಾದ ಚಹಾ ಕುಡಿದರು. ಅವಳು ಮಾಡದಿಂದ ಹಾಳೆಯನ್ನು ತೆಗೆದು, ಹಣೆಗೆ ಮುಟ್ಟಿಸಿಕೊಂಡು, ಅವರ ಕೈಗೆ ಕೊಟ್ಟುಬಿಟ್ಟಳು. ಬಸ್ಸಿಗೆ ಕಾಯುವಾಗ ನೀಲಗಿರಿಯ ಒಣಟೊಂಗೆಯೊಂದನ್ನು ತಿರುವಿ ನೋಡಿದರು. ಹುಳು ಅಲ್ಲಿಯೇ ಇತ್ತು, ಆರಾಮಾಗಿ ಬೂಷ್ಟು ತಿನ್ನುತ್ತಿತ್ತು.

ಭಾನುವಾರ ಮುಂಜಾನೆ ತಿದ್ದುಪಡಿ ಬರೆಯಲು ಕೂತರು. ಇಂಥ ಕಡೆ ಹುಳು ತಂದುಕೊಟ್ಟವರ ಮೇಲೆ ತಪ್ಪು ಹಾಕುವುದು ವಾಡಿಕೆ. ರಾಯರು ಹಾಗೆ ಮಾಡಲಿಲ್ಲ. ವಿಚಾರಿಸದೆ ಚೀಟಿ ಬರೆದ ಲೇಖಕನದೇ ತಪ್ಪು ಎಂದು ಬರೆದರು. ಅವರ ಕೈಯಲ್ಲಿದ್ದದ್ದು ಅಷ್ಟೇ. ಒಟ್ಟು ಮೂರು ಸಾಲಾಯಿತು. ಅದರಲ್ಲಿ ಬನ್ನಿಕಟ್ಟಿ ಎರಡು ಸಲ ಬಂದಿತ್ತು. ಎರಡು ಕಡೆಯೂ ಸ್ಪೆಲಿಂಗ್ ಸರಿಯಾಗಿದೆಯೇ ಎಂದು ಕನ್ನಡಕ ಒರೆಸಿಕೊಂಡು ನೋಡಿದರು.