ಕೊಂಬು ಕಟ್ಟಿದ್ದು ನಾನೇ

ಅಪ್ಪ ತೀರಿಹೋಗಿ ಮೂವತ್ತೊಂಬತ್ತು ದಿನ ಆಗಿತ್ತು. ಮಾರನೇ ದಿನ ಅಪ್ಪನ ಆತ್ಮವನ್ನ ಬೀಳ್ಕೊಡೋ ನಲವತ್ತರ ಊಟ. ಅಲಾಸ್ಕಾದ ನಮ್ಮ ನದೀ ತೀರದ ಊರಲ್ಲಿ ಆ ಊಟಕ್ಕೆ ಎಲ್ಲಾ ಮನೆಯವರೂ ಬರ್ತಾರೆ. ಮೂಸ್ ಕಡವೆ ಮಾಂಸ ಇಲ್ಲದಿದ್ರೆ ನಾನು ತಲೆ ಎತ್ತೋದು ಹೇಗೆ?

ನಾನು ಒಕಲೀನಾ. ನನ್ನ ತಮ್ಮ ಈವಾನ್ ನದಿಯ ಮೇಲ್ಗಡೆ ಕಡವೆ ಹೊಡೆದಿದ್ದ. ಮಾಂಸ ಕೊಯ್ಯೋಕೆ ನಾನೂ ನಿಕಿಫೋರ್ ಮಾವನೂ ದೋಣೀಲಿ ಅಲ್ಲಿಗೆ ಹೋಗಿದ್ವಿ. ಅವನದು ಎರಡು ಸೀಟಿನ ಪುಟ್ಟ ವಿಮಾನ, ನದಿಯ ಜಲ್ಲಿ ದಿಣ್ಣೆ ಮೇಲೇ ಇಳಿದು ಏರುತ್ತೆ. ಅವನು ಮಾಂಸ ಹೊತ್ತು ಹಾರಿ ಸಂಜೆಗೇ ಮನೆ ಸೇರೋದು, ನಾನೂ ಮಾವನೂ ದೋಣೀಲಿ ಮಾರನೇ ಮಧ್ಯಾಹ್ನ ಸೇರೋದು ಅಂತ ಮಾತಾಗಿತ್ತು.

ಅಷ್ಟರಲ್ಲಿ ಗಾಳಿ ಎದ್ದಿತು. ಸುಮ್ಮನಿರುತ್ತೆ, ಇದ್ದಕ್ಕಿದ್ದಂಗೆ ನೂಕುತ್ತೆ, ಮತ್ತೆ ಸುಮ್ಮನಾಗುತ್ತೆ.

“ಅಕ್ಕ, ಒಂದು ಗಳಿಗೆ ನೋಡೋಣ,” ಅಂದ ಈವಾನ್.

“ಏನ್ ನೋಡ್ತೀಯೋ? ಮಾಂಸ ಸಂಜೆಗೆ ಒಲೆ ಮೇಲಿರಬೇಕು. ಅಪ್ಪ ಇದಕ್ಕಿಂತ ಕೆಟ್ಟ ಗಾಳೀಲಿ ದೋಣಿ ಬಿಡ್ತಿದ್ರು!”

ನಿಕಿಫೋರ್ ಮಾವ ಮೂವತ್ತು ವರ್ಷ ವಿಮಾನ ಓಡಿಸಿದವರು. ಗಾಳಿ ನೋಡೋಕೆ ಅಂತ ಪೊದೆಗೆ ಕಟ್ಟಿದ್ದ ಬಟ್ಟೆ ಚೂರು ತೋರಿಸಿದರು. ಅದು ಒಮ್ಮೆ ಪಟಪಟ ಹಾರೋದು, ಒಮ್ಮೆ ಜೋತುಬೀಳೋದು.

“ಜೋರು ಗಾಳಿಗಿಂತ ಈ ಹುಚ್ಚು ಗಾಳಿಗೇ ಹೆದರಬೇಕಮ್ಮ. ವಿಮಾನಕ್ಕೆ ಸಾಕಷ್ಟು ಓಟ ಬರೋ ಮುಂಚೆನೇ ಎತ್ತಿಬಿಡುತ್ತೆ, ಆಮೇಲೆ ಕೈ ಬಿಡುತ್ತೆ.”

“ಮಾವ, ವಿಮಾನ ಓಡಿಸೋದು ನಿಲ್ಲಿಸಿದ ಮೇಲೆ ನೀವು ಪುಕ್ಕಲರಾದ್ರಿ.”

ಮಾವ ಮತ್ತೆ ಬಟ್ಟೆ ಚೂರಿನ ಕಡೆ ತಿರುಗಿದ್ರು.

ಮಾಂಸ ತುಂಬಿದ್ವಿ. ಕಡವೆಯ ಅಗಲ ಕೊಂಬು ವಿಮಾನದ ಒಳಗೆ ಹಿಡಿಸೋದಿಲ್ಲ. ನಮ್ಮ ಕಡೆ ಅದನ್ನ ರೆಕ್ಕೆ ಕೆಳಗಿನ ಆಸರೆ ಕಂಬಿಗೆ ಕಟ್ಕೊಂಡು ಹಾರೋದು ರೂಢಿ. “ಇವತ್ತು ಬೇಡ, ಗಾಳಿ ಅದನ್ನೇ ಹಿಡ್ಕೊಂಡು ಎಳೆಯುತ್ತೆ,” ಅಂದ್ರು ಮಾವ. ನಾನು ಕೇಳಲಿಲ್ಲ. ನಾಳೆ ನಮ್ಮ ಬಾಗಿಲ ಮೇಲೆ ಕೊಂಬು ಕಾಣಬೇಕು ಅನ್ನೋ ಹಟ. ನನ್ನ ಕೈಯಾರೆ ಹಗ್ಗ ಬಿಗಿದೆ. ಈವಾನ್ ನನ್ನ ಮುಖ ನೋಡಿ ಹತ್ತಿ ಕೂತ.

ವಿಮಾನ ಜಲ್ಲಿ ಮೇಲೆ ಓಡಿತು. ಅರ್ಧ ದಾರೀಲೇ ಗಾಳಿ ಅದನ್ನ ಎತ್ತಿತು. “ನೋಡಿ ಮಾವ, ಎದ್ದೇಬಿಟ್ಟ!” ಅಂತ ಕೂಗಿದೆ. ಮಾತು ಬಾಯಲ್ಲಿರೋವಾಗಲೇ ಗಾಳಿ ನಿಂತುಹೋಯ್ತು. ಕೊಂಬಿನ ಕಡೆ ರೆಕ್ಕೆ ವಾಲಿತು, ದಿಣ್ಣೆಗೆ ಬಡೀತು. ವಿಮಾನ ಮಗುಚಿ ಬಿತ್ತು.

ಓಡಿದ್ವಿ. ಈವಾನ್ ಸೀಟಿನ ಪಟ್ಟಿಯಲ್ಲಿ ತಲೆಕೆಳಗಾಗಿ ನೇತಾಡ್ತಿದ್ದ. ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

“ಈವಾನ್! ಮಾತಾಡೋ! ಈವಾನ್!”

ಅವನಿಗೆ ಎಚ್ಚರ ಇರಲಿಲ್ಲ. ಪಟ್ಟಿಯ ಕೊಂಡಿ ಬಿಡಲಿಲ್ಲ. ಮಾವ ಅವನ ಹೆಗಲು, ತಲೆ ಎರಡನ್ನೂ ಹಿಡ್ಕೊಂಡ್ರು. ನಾನು ಮಾಂಸ ಕೊಯ್ದ ಚಾಕುವಿನಲ್ಲೇ ಪಟ್ಟಿ ಕುಯ್ದೆ. ಹೊರಗೆಳೆದು ದೂರ ಒಯ್ದು ಮಲಗಿಸಿದ ಮೇಲೆ ಕಣ್ಣು ಬಿಟ್ಟ.

“ಅಕ್ಕ, ಕೊಂಬು ಮುರೀತಾ?” ಅಂದ.

ಅಯ್ಯೋ ದೇವರೇ! ಸತ್ತು ಬದುಕಿದ ಹೊತ್ತಲ್ಲೂ ನನ್ನ ಕೊಂಬಿನ ಚಿಂತೆ ಅವನಿಗೆ. ಅಲ್ಲೇ ಕೂತು ಅತ್ತುಬಿಟ್ಟೆ.

ಕಾಲರ್ ಮೂಳೆ ಮುರಿದಿತ್ತು, ಅಷ್ಟೇ. ಮಾವ ನನ್ನ ಶಾಲಿನಿಂದ ಕೈಯನ್ನ ಎದೆಗೆ ಕಟ್ಟಿದ್ರು. ಮಾಂಸ, ಕೊಂಬು ಎಲ್ಲಾ ಅಲ್ಲೇ ಬಿಟ್ಟು, ಅವನನ್ನ ದೋಣೀಲಿ ಮಲಗಿಸ್ಕೊಂಡು ಊರಿಗೆ ತಂದ್ವಿ. ದಾದಿ ನೋಡಿದ ಮೇಲೆ ನಲವತ್ತರ ಊಟಕ್ಕೆ ಬಂದು ಕೂತ. ಆಗ ಒಲೆ ಮೇಲಿದ್ದದ್ದು ಪಕ್ಕದ ಮನೆಯವರು ಕೊಟ್ಟ ಮೀನಿನ ಸಾರು. ಕಡವೆ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಈವಾನ್ ಹೇಗಿದ್ದಾನೆ ಅಂತಲೇ.

ಅಮ್ಮ ಅವನಿಗೆ ಬಡಿಸ್ತಾ ನನ್ನ ಕಡೆ ತಿರುಗಿದಳು. “ಇವತ್ತು ನಿಮ್ಮಪ್ಪನ ನಲವತ್ತು ಮುಗೀತು, ಒಕಲೀನಾ. ಚೂರು ತಪ್ಪಿದ್ರೆ ಇವನದು ಇವತ್ತೇ ಶುರುವಾಗ್ತಿತ್ತು.”

ಅದಕ್ಕೆ ಹೇಳ್ತಿದೀನಿ, ಅಕ್ಕಂದಿರೇ, ಅಮ್ಮಂದಿರೇ. ಗಾಳಿ ಬಿಟ್ಟು ಬಿಟ್ಟು ಬೀಸಿದ ದಿನ ವಿಮಾನ ಎಬ್ಬಿಸಬೇಡಿ ಅನ್ನಿ. ಗಾಳಿ ನಿಂತಿತು ಅಂತ ಮೋಸ ಹೋಗಬೇಡಿ, ಬಟ್ಟೆ ಚೂರನ್ನ ತುಂಬಾ ಹೊತ್ತು ನೋಡಿ. ಅಂಥ ದಿನ ಹೊರಗೆ ಏನೂ ಕಟ್ಟಬೇಡಿ. ಓಡಿಸೋನು “ಇವತ್ತು ಬೇಡ” ಅಂದ್ರೆ ಕೆಣಕಬೇಡಿ, ಹಂಗಿಸಬೇಡಿ. ಅವನಿಗೊಂದು ಲೋಟ ಚಹಾ ಕೊಟ್ಟು, “ಕೂತ್ಕೋಪ್ಪ, ನಾಳೆ ಹೋಗೋಣ,” ಅನ್ನಿ.

ನಾನು ಅನ್ನಲಿಲ್ಲ. ನೀವಾದ್ರೂ ಅನ್ನಿ.