ಕಾರ್ಕಳದ ಏರಿಗೆ ಕರೆಂಟು ಗಾಡಿ

ಮೀನು ಮಾರುವ ಕಾಪುವಿನ ಶರ್ಮಿಳಾ ಡೀಸೆಲ್ ಟೆಂಪೋ ಮಾರಿ ಕರೆಂಟು ಗಾಡಿ ತಂದದ್ದೇ ತಡ, ಕೇಳದಿದ್ದರೂ ಊರಿಗೆ ಊರೇ ಬುದ್ಧಿ ಹೇಳಿತು. ಕಾರ್ಕಳದ ಏರು ಹತ್ತುವಾಗ ಅದು ಕೈಕೊಡುತ್ತದಂತೆ, ಮೀನು ದಾರಿಯಲ್ಲೇ ಕೊಳೆಯುತ್ತದಂತೆ. ಅವಳು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಕಳದ ಹಾಸ್ಟೆಲೊಂದರ ಅಡುಗೆ ಉಸ್ತುವಾರಿ ಲಿಡ್ವಿನ್ ಆಗಲೇ ಮಾತು ಕೊಟ್ಟಿದ್ದ: "ಸೋಮವಾರ ಅಡುಗೆಗೆ ಮುಂಚೆ ತಾಜಾ ಬೂತಾಯಿ ತಂದು ತೋರಿಸಿ. ತಂದರೆ ದಿನಾ ನಿಮ್ಮದೇ ಮೀನು. ತಪ್ಪಿದರೆ ಬೇರೆಯವರಿದ್ದಾರೆ." ಈ ಗಿರಾಕಿ ಸಿಕ್ಕಿದರೆ ಬಿಸಿಲಲ್ಲಿ ಮನೆಮನೆ ಸುತ್ತುವುದು ತಪ್ಪುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಭಾನುವಾರ ಖಾಲಿ ಗಾಡಿ ಓಡಿಸಿ ನೋಡಿದ್ದಳು. ಕಾರ್ಕಳಕ್ಕೆ ಹೋಗಿ ಬಂದರೂ ಚಾರ್ಜ್ ಮಿಕ್ಕಿತ್ತು. ಆ ಧೈರ್ಯವೇ ಎಡವಟ್ಟಾಯಿತು. ಸೋಮವಾರ ಹಾಸ್ಟೆಲಿನ ಮೀನು ತುಂಬಿದ ಮೇಲೂ ಹಿಂದೆ ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ಮೀನು ಮಾರುವವಳ ಕೈ ಸುಮ್ಮನಿರುತ್ತದೆಯೇ? ದಾರಿಯಲ್ಲಿ ಮಾರಿದರಾಯಿತೆಂದು ಬಂಗುಡೆಯ ಬಾಕ್ಸುಗಳನ್ನೂ ಪೇರಿಸಿ, ಮೇಲೆ ಧಾರಾಳವಾಗಿ ಐಸ್ ಸುರಿದಳು. ಮೀನು ತೂಗಿಯೇ ಬದುಕಿದ ಹೆಂಗಸು ಐಸಿಗೂ ತೂಕವಿದೆ ಎಂಬುದನ್ನು ಮರೆತಳು.

ಶಿರ್ವ ಮುಟ್ಟುವಷ್ಟರಲ್ಲಿ ಗಾಡಿಯ ಪರದೆಯ ಮೇಲೆ, ಇನ್ನೆಷ್ಟು ದೂರ ಓಡೀತೆಂದು ತೋರಿಸುವ ಕಿಲೋಮೀಟರು ಸರಸರ ಇಳಿಯುತ್ತಿತ್ತು. ಅವಳಿಗೆ ಹೆದರಿಕೆಗಿಂತ ಹೆಚ್ಚಾಗಿ ತನ್ನ ಮೇಲೆಯೇ ಸಿಟ್ಟು ಬಂತು. ತಿರುಗಿ ಹೋದರೆ ಗೆಲ್ಲುವುದು ಊರಿನ ಬಾಯಿ. ಹಳೆಯ ಗಿರಾಕಿ ಬರ್ತಾ ಬಾಯಮ್ಮನ ಅಂಗಳಕ್ಕೆ ಗಾಡಿ ತಿರುಗಿಸಿದಳು.

"ಬಾಯಮ್ಮಾ, ಈ ಬಂಗುಡೆ ಇಲ್ಲೇ ಇರಲಿ. ನೀವೂ ತಿನ್ನಿ, ನೆರೆಮನೆಗೂ ಕೊಡಿ."

"ಎಂತ ಮಾರಾಯ್ತಿ, ನನ್ನ ಮನೆಯಲ್ಲಿ ಮದುವೆ ಉಂಟಾ?" ಬರ್ತಾ ನಕ್ಕಳು.

"ಇಷ್ಟು ಹೊತ್ತುಕೊಂಡು ಗಾಡಿ ಕಾರ್ಕಳ ಮುಟ್ಟುದಿಲ್ಲ."

"ಹಾಗಾದರೆ ಇಲ್ಲೇ ಚಾರ್ಜಿಗೆ ಹಾಕು."

"ಅದು ತುಂಬುವಾಗ ಹಾಸ್ಟೆಲಿನ ಮಕ್ಕಳ ಊಟ ಮುಗಿದಿರ್ತದೆ!"

ಬಂಗುಡೆಯನ್ನು ಅಲ್ಲೇ ಇಳಿಸಿ, ಬಸುರಿಯನ್ನು ಕರೆದೊಯ್ಯುವ ಹಾಗೆ ಮೆಲ್ಲಗೆ ಗಾಡಿ ಓಡಿಸಿದಳು. ಹಿಂದಿನ ಬಸ್ಸಿನವರು ಹಾರ್ನ್ ಹೊಡೆದರು, ಬೈದರು. ಬೈದುಕೊಳ್ಳಲಿ ಎಂದುಕೊಂಡಳು. ಬೆಳ್ಮಣ್ ದಾಟಿತು, ನಿಟ್ಟೆಯೂ ದಾಟಿತು. ಕೊನೆಗೆ ಹಾಸ್ಟೆಲಿನ ಗೇಟು ಕಂಡಿತು, ಅದರ ಮುಂದೆ ಕಡಿದಾದ ಏರು. ಅರ್ಧ ಹತ್ತಿದ ಗಾಡಿ ಮುಂದಕ್ಕೆ ಬರಲೊಲ್ಲೆನೆಂದು ನಿಂತೇಬಿಟ್ಟಿತು.

ಶರ್ಮಿಳಾ ಚಕ್ರಕ್ಕೆ ಕಲ್ಲು ಕೊಟ್ಟಳು. ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಸಿಂಬಿ ಸುತ್ತಿ ತಲೆಗಿಟ್ಟು, ಬಾಕ್ಸ್ ಹೊತ್ತು ಏರು ಹತ್ತಿದಳು. ಇಳಿದು ಬಂದು ಮತ್ತೊಂದು ಹೊತ್ತಳು. ಐಸಿನ ನೀರು ಕುತ್ತಿಗೆಯಿಂದ ಬೆನ್ನಿಗೆ ಹರಿಯಿತು, ಆದರೂ ಅವಳು ನಿಲ್ಲಲಿಲ್ಲ. ಅರ್ಧ ಮೀನು ಗೇಟಿನೊಳಗೆ ಸೇರಿದ ಮೇಲೆ ಕಲ್ಲು ತೆಗೆದು ಗಾಡಿ ಹತ್ತಿ ಕೂತಳು. ಹಗುರಾದ ಗಾಡಿ ತೆವಳುತ್ತಾ ಮೇಲೆ ಬಂತು.

ಲಿಡ್ವಿನ್ ಐಸಿನೊಳಗೆ ಕೈಹಾಕಿ ಒಂದು ಬೂತಾಯಿ ತೆಗೆದ. ಕಿವಿರು ಕೆಂಪಗಿತ್ತು. ಅವಳ ಒದ್ದೆ ತಲೆಯನ್ನೂ ಗಾಡಿಯನ್ನೂ ನೋಡಿದ.

"ಎಂತದು ಇದು? ದಿನಾ ಹೀಗೆ ಹೊತ್ತು ತರ್ತೀರಾ?"

"ನಾಳೆಯಿಂದ ಗಾಡಿ ಹೊರುವಷ್ಟೇ ಹಾಕ್ತೇನೆ. ಇವತ್ತು ಅದಕ್ಕೆ ಭಾರ ಆಯ್ತು ಸರ್, ನನಗೆ ಭಾರ ಆಗ್ಲಿಲ್ಲ. ಪ್ಲಗ್ ಎಲ್ಲುಂಟು ಹೇಳಿ."

ಲಿಡ್ವಿನ್ ಅಡುಗೆಮನೆಯ ಕಿಟಕಿ ಪಕ್ಕದ ಪ್ಲಗ್ ತೋರಿಸಿದ. "ಅಲ್ಲಿ. ನಾಳೆಯೂ ಅಲ್ಲಿಗೇ ಹಾಕಿ."